ಆಡಿಟ್ ಆಫೀಸಿನ ಕಂಪ್ಯೂಟರಿಗೆ ಮನೆಯಿಂದ ಕನೆಕ್ಟ್ ಆಗಬೇಕು: 3389 ಪೋರ್ಟ್ ತೆಗೆಯಬಹುದಾ?

ಲೆಕ್ಕದಮನೆ

ದಾವಣಗೆರೆಯ ಒಂದು ಆಡಿಟ್ ಆಫೀಸು. ಒಟ್ಟು 6 ಕಂಪ್ಯೂಟರ್. ನಾಲ್ಕರಲ್ಲಿ ವಿಂಡೋಸ್ 11 ಪ್ರೊ, ಎರಡರಲ್ಲಿ 11 ಹೋಮ್. ಮೂಲೆಯಲ್ಲಿರುವ ಒಂದು ಪ್ರೊ ಪಿಸಿಗೆ 'ಸರ್ವರ್' ಅಂತ ಹೆಸರು, ಅಷ್ಟೇ. ಟ್ಯಾಲಿ ಡೇಟಾ ಫೋಲ್ಡರ್ ಅದರಲ್ಲಿದೆ, ಉಳಿದವರು ಶೇರ್ ಮೂಲಕ ತೆರೆಯುತ್ತಾರೆ. ಇಂಟರ್ನೆಟ್ ಫೈಬರ್, 100 ಎಂಬಿಪಿಎಸ್. ಸ್ಟ್ಯಾಟಿಕ್ ಐಪಿ ಇಲ್ಲ.

ರಿಟರ್ನ್ಸ್ ಸೀಸನ್‌ನಲ್ಲಿ ಇಬ್ಬರು ಮನೆಯಿಂದ ಕೆಲಸ ಮಾಡಬೇಕು. ಟ್ಯಾಲಿ ನೋಡಬೇಕು, ಕಕ್ಷಿದಾರರ ಡಿಜಿಟಲ್ ಸಹಿ ಟೋಕನ್ ಬಳಸಿ ಫೈಲಿಂಗ್ ಮಾಡಬೇಕು, ನುಡಿಯಲ್ಲಿ ಕನ್ನಡ ಪತ್ರ ಟೈಪ್ ಮಾಡಬೇಕು. ಕಂಪ್ಯೂಟರ್ ನೋಡಿಕೊಳ್ಳುವವರು "ರೂಟರ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿದರೆ ಆಯ್ತು, ಹದಿನೈದು ನಿಮಿಷದ ಕೆಲಸ" ಅನ್ನುತ್ತಿದ್ದಾರೆ (ಹೊರಗಿನಿಂದ ಆ ಪೋರ್ಟಿಗೆ ಬಂದ ಸಂಪರ್ಕವನ್ನು ರೂಟರ್ ಪಿಸಿಗೆ ದಾಟಿಸುವುದು). ಮಾಡಿಸಬಹುದಾ?

ಕೇಬಲ್‌ಕಡ್ಡಿ

ಮಾಡಿಸಬೇಡಿ. 3389 ರಿಮೋಟ್ ಡೆಸ್ಕ್‌ಟಾಪಿನ (ದೂರದಿಂದ ಪಿಸಿಯ ಪರದೆ ತೆರೆದು ಕೆಲಸ ಮಾಡುವ ವಿಂಡೋಸ್ ಸೌಲಭ್ಯ) ಪೋರ್ಟ್, ಅಂದರೆ ಬಾಗಿಲಿನ ಸಂಖ್ಯೆ, ಅನ್ನೋದು ಊರಿಗೆಲ್ಲ ಗೊತ್ತು. ಇಂಟರ್ನೆಟ್ಟಿನ ಎಲ್ಲ ವಿಳಾಸಗಳನ್ನೂ ಹಗಲೂ ರಾತ್ರಿ ತಟ್ಟಿ ನೋಡುವ ಪ್ರೋಗ್ರಾಮುಗಳಿವೆ. ಪೋರ್ಟ್ ತೆರೆದ ಸ್ವಲ್ಪ ಹೊತ್ತಿಗೇ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4625 ಸಂಖ್ಯೆಯ ಸಾಲುಗಳು ತುಂಬತೊಡಗುತ್ತವೆ. ಅವು ವಿಫಲ ಲಾಗಿನ್‌ಗಳು. 'ಅಡ್ಮಿನಿಸ್ಟ್ರೇಟರ್', 'ಅಡ್ಮಿನ್', 'ಟ್ಯಾಲಿ', 'ಅಕೌಂಟ್ಸ್' ಅಂತ ಹೆಸರು ಬದಲಿಸುತ್ತಾ ಪಾಸ್‌ವರ್ಡ್ ಊಹಿಸುತ್ತಿರುತ್ತಾರೆ. ಒಂದು ದುರ್ಬಲ ಪಾಸ್‌ವರ್ಡ್ ಸಿಕ್ಕರೂ ಸಾಕು, ಟ್ಯಾಲಿ ಡೇಟಾ, ಅದೇ ಮೆಷಿನ್ನಿಗೆ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕು ಎಲ್ಲವೂ ಎನ್‌ಕ್ರಿಪ್ಟ್ ಆಗಿ ಕೂರುತ್ತವೆ.

ಪಾಸ್‌ವರ್ಡ್ ಗಟ್ಟಿಯಿದ್ದರೆ ಸಾಕು ಅನ್ನುವಂತೆಯೂ ಇಲ್ಲ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಅದು ವಿಂಡೋಸ್ 7ರ ಕಾಲದ ಮೆಷಿನ್‌ಗಳದ್ದು, ನಿಮ್ಮದಕ್ಕೆ ತಟ್ಟುವುದಿಲ್ಲ. ಆದರೆ ಅಂಥದ್ದೇ ಇನ್ನೊಂದು ಬಂದ ದಿನ ನಿಮ್ಮ ಪೋರ್ಟ್ ತೆರೆದಿರಬಾರದು.

ಧಾರವಾಡನೆಟ್

ಪೋರ್ಟ್ ನಂಬರ್ ಬದಲಿ ಮಾಡಿ 3390 ಇಟ್ರ ಸಾಕು ಅನ್ನಾವ್ರು ಭಾಳ ಮಂದಿ ಅದಾರ. ಮನಿ ಬಾಗಲಾ ತಗದಿಟ್ಟು, ಮನಿ ನಂಬರ್ ಅಷ್ಟ ಬದಲಿ ಮಾಡಿದಂಗ ಅದು. ಸ್ಕ್ಯಾನ್ ಮಾಡಾವ್ರು 65,535 ಪೋರ್ಟನೂ ನೋಡ್ತಾರ್ರಿ.

ರೂಟ್‌ಟೇಬಲ್

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ಪೋರ್ಟ್ ಫಾರ್ವರ್ಡ್ ಕೆಲಸವನ್ನೇ ಮಾಡದಿರಬಹುದು. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ಏನಿದೆ ನೋಡಿಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ 'ನನ್ನ ಐಪಿ ಯಾವುದು' ಅಂತ ಹುಡುಕಿ ಬರುವ ಸಂಖ್ಯೆಯೊಂದಿಗೆ ಹೋಲಿಸಿ. ಎರಡೂ ಒಂದೇ ಆದರೆ ನಿಮಗೆ ಪಬ್ಲಿಕ್ ಐಪಿ ಇದೆ. ವ್ಯಾನ್ ಐಪಿ 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾದರೆ ನೀವು ಇಂಟರ್ನೆಟ್ ಕಂಪನಿಯ ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಗ್ರಾಹಕರಿಗೆ ಹಂಚಿರುತ್ತಾರೆ, ಹೊರಗಿನಿಂದ ಬಂದ ಕರೆ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ವ್ಯಾನ್ ಐಪಿ 192.168 ಅಂತ ಇದ್ದರೆ ಕಂಪನಿಯ ಫೈಬರ್ ಡಬ್ಬಿಯೂ ರೂಟರ್, ನಿಮ್ಮದೂ ರೂಟರ್. ಎರಡು ಸಲ ನ್ಯಾಟ್ (ವಿಳಾಸ ಬದಲಾವಣೆ) ಆಗುತ್ತಿದೆ. ಆಗ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ.

ಇನ್ನೊಂದು, ಈಗಲೇ ಮಾಡಿಬಿಡಿ. ಆಫೀಸಿನ ನೆಟ್‌ವರ್ಕ್ 192.168.1 ಅಥವಾ 192.168.0 ಆಗಿದ್ದರೆ ಬದಲಿಸಿ. ಮನೆಗಳ ರೂಟರ್‌ಗಳಲ್ಲೂ ಅದೇ ಇರುತ್ತದೆ. ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಇಂಟರ್ನೆಟ್ ಮೂಲಕ ಹಾಕುವ ಗುಪ್ತ ಸುರಂಗ) ಹಾಕಿದ ಮೇಲೆ 192.168.1.10 ಅಂದರೆ ಆಫೀಸಿನ ಸರ್ವರೋ ಮನೆಯ ಟಿವಿಯೋ ಲ್ಯಾಪ್‌ಟಾಪಿಗೆ ಗೊತ್ತಾಗದೆ, ಹತ್ತಿರದ ಮನೆಯ ನೆಟ್‌ವರ್ಕನ್ನೇ ಹಿಡಿಯುತ್ತದೆ. 'ವಿಪಿಎನ್ ಕನೆಕ್ಟೆಡ್ ಅಂತ ತೋರಿಸ್ತದೆ, ಆದರೆ ಏನೂ ತೆರೆಯಲ್ಲ' ಅನ್ನುವ ದೂರುಗಳಲ್ಲಿ ಬಹಳಷ್ಟು ಇದೇ. 192.168.73.0/24 (ಅಂದರೆ 192.168.73ರಿಂದ ಶುರುವಾಗುವ ಎಲ್ಲ ವಿಳಾಸ) ಥರ ಯಾರೂ ಇಡದ ಸಂಖ್ಯೆ ಇಡಿ. ಬದಲಿಸುವಾಗ ಪ್ರಿಂಟರ್‌ಗೆ ಕೈಯಾರೆ ಕೊಟ್ಟ ಐಪಿ, ಸಿಸಿಟಿವಿಯ ಡಿವಿಆರ್, ಹಳೇ ಐಪಿ ಹಾಕಿ ಮಾಡಿದ ಡ್ರೈವ್ ಮ್ಯಾಪಿಂಗ್ ಎಲ್ಲ ಮುರಿಯುತ್ತವೆ. ಅದಕ್ಕೇ ಸೀಸನ್ ಶುರುವಾಗುವ ಮುಂಚೆ, ಒಂದು ಭಾನುವಾರ ಮಾಡುವ ಕೆಲಸ ಇದು. ರೂಟರ್‌ನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಆರೂ ಕಂಪ್ಯೂಟರ್‌ಗೆ ಖಾಯಂ ವಿಳಾಸ ಕೊಡಿ.

ಸುಲಭಸೂತ್ರ

ಇಷ್ಟೆಲ್ಲ ಯಾಕೆ ಗುರು? ಎನಿಡೆಸ್ಕ್ (ದೂರದಿಂದ ಪಿಸಿ ನಡೆಸುವ ಆ್ಯಪ್) ಹಾಕಿ, ಅನ್‌ಅಟೆಂಡೆಡ್ ಪಾಸ್‌ವರ್ಡ್ ಇಟ್ಟರೆ ಮುಗೀತು. ಸಿಜಿನ್ಯಾಟ್ ಇದ್ದರೂ ನಡೆಯುತ್ತೆ.

ಕೇಬಲ್‌ಕಡ್ಡಿ

ನಡೆಯುತ್ತೆ, ಸುಳ್ಳಲ್ಲ. ಎರಡೂ ಕಡೆಯ ಮೆಷಿನ್ ಹೊರಗಡೆಗೆ ಕರೆ ಮಾಡುವುದರಿಂದ ಪೋರ್ಟ್ ತೆರೆಯುವ ಪ್ರಶ್ನೆಯೇ ಇಲ್ಲ. ಆದರೆ ಮೂರು ಮಾತು. ಒಂದು, ಇಂಥ ತಂತ್ರಾಂಶಗಳ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ. ಆಫೀಸಿನ ಬಳಕೆ ಅಂತ ಗುರುತಿಸಿದರೆ ಐದು ನಿಮಿಷಕ್ಕೊಮ್ಮೆ ಸೆಷನ್ ಕಡಿದುಹಾಕುವುದು ಟೀಮ್‌ವ್ಯೂವರ್ ಬಳಸುವವರಿಗೆ ಹೊಸದಲ್ಲ. ಎರಡು, ಆಫೀಸಿನ ಬಾಗಿಲ ಕೀಲಿ ಆ ಕಂಪನಿಯ ಕೈಯಲ್ಲೂ ಇದ್ದ ಹಾಗೆ. ತಮ್ಮ ಸರ್ವರ್‌ಗಳಿಗೆ ಅತಿಕ್ರಮ ಪ್ರವೇಶವಾಗಿದೆ ಅಂತ 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್‌ನವರೇ ಪ್ರಕಟಿಸಿದ್ದರು. ಬಳಸುವುದಾದರೆ ಎರಡು ಹಂತದ ದೃಢೀಕರಣ ಹಾಕಿ, ಯಾವ ಐಡಿಗಳು ಒಳಗೆ ಬರಬಹುದು ಅನ್ನುವ ಪಟ್ಟಿ ಮಾಡಿ, ಉಳಿದವರನ್ನು ತಡೆಯಿರಿ.

ಮೂರನೆಯದು ಜನರ ವಿಷಯ. 'ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಈ ಆ್ಯಪ್ ಹಾಕಿ, 9 ಅಂಕಿಯ ನಂಬರ್ ಹೇಳಿ' ಅನ್ನುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆಫೀಸಿನಲ್ಲಿ ದಿನಾ ಅದೇ ಆ್ಯಪ್ ತೆರೆದಿಟ್ಟುಕೊಂಡು ಅಭ್ಯಾಸವಾದವರು ಅಂಥ ಕರೆಗೆ ಬೇಗ ಬೀಳುತ್ತಾರೆ.

ರೂಟ್‌ಟೇಬಲ್

ನನ್ನ ಸಲಹೆ: ಮುಂದೆ ವಿಪಿಎನ್, ಅದರೊಳಗೆ ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್. ವಿಪಿಎನ್‌ಗೆ ಎರಡು ದಾರಿ.

ದಾರಿ 1, ಟೇಲ್‌ಸ್ಕೇಲ್ ಅನ್ನುವ ಸಿದ್ಧ ವಿಪಿಎನ್ ಸೇವೆ. ನಿಮ್ಮಷ್ಟು ದೊಡ್ಡ ಆಫೀಸಿಗೆ ಇದೇ ಬೇಗ ಆಗುವುದು. ಆಫೀಸಿನ ಎರಡು ಪಿಸಿ, ಮನೆಯ ಎರಡು ಲ್ಯಾಪ್‌ಟಾಪಿಗೆ ಹಾಕಿ ಲಾಗಿನ್ ಆದರೆ ಪ್ರತಿಯೊಂದಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ಸಿಜಿನ್ಯಾಟ್ ಇದ್ದರೂ ಚಿಂತೆಯಿಲ್ಲ. ನೇರ ಸಂಪರ್ಕ ಆಗದಿದ್ದರೆ ಅವರ ರಿಲೇ ಮೂಲಕ ಹೋಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಎರಡು ಕಡೆ ಎಡವುತ್ತಾರೆ:

- ವಿಂಡೋಸ್‌ನಲ್ಲಿ ಬಳಕೆದಾರ ಸೈನ್ ಔಟ್ ಆದ ಕೂಡಲೇ ಟೇಲ್‌ಸ್ಕೇಲ್ ಕೂಡ ಕಡಿದುಕೊಳ್ಳುತ್ತದೆ. ಪ್ರಿಫರೆನ್ಸಸ್‌ನಲ್ಲಿ 'ರನ್ ಅನ್‌ಅಟೆಂಡೆಡ್' ಟಿಕ್ ಮಾಡಲೇಬೇಕು. ಮಾಡದಿದ್ದರೆ ಕರೆಂಟ್ ಹೋಗಿ ಬಂದು ಮೆಷಿನ್ ಲಾಗಿನ್ ಪರದೆಯಲ್ಲಿ ನಿಂತಾಗ ಮನೆಯಿಂದ ಕಾಣಿಸುವುದಿಲ್ಲ.
- ಮೆಷಿನ್‌ನ ಕೀಲಿಯ ಅವಧಿ ಮಾಮೂಲಾಗಿ 180 ದಿನ. ಏಪ್ರಿಲ್‌ನಲ್ಲಿ ಹಾಕಿದ್ದು ಅಕ್ಟೋಬರ್‌ನಲ್ಲಿ, ಅಂದರೆ ಸೀಸನ್ ನಡುವೆ, ನಿಲ್ಲುತ್ತದೆ. ಆಫೀಸಿನ ಪಿಸಿಗಳಿಗೆ ಮಾತ್ರ ಅಡ್ಮಿನ್ ಪುಟದಲ್ಲಿ ಕೀ ಎಕ್ಸ್‌ಪೈರಿ ನಿಲ್ಲಿಸಿ. ಲ್ಯಾಪ್‌ಟಾಪ್ ಕಳೆದುಹೋಗುವ ವಸ್ತು, ಅದಕ್ಕೆ ಅವಧಿ ಇರಲಿ.

ದಾರಿ 2, ಸ್ವಂತವಾಗಿ ನಡೆಸುವ ವೈರ್‌ಗಾರ್ಡ್ ವಿಪಿಎನ್. ಪಬ್ಲಿಕ್ ಐಪಿ ಇದ್ದರೆ, ಅಥವಾ ಬೇರೆ ಕಂಪನಿಯನ್ನು ನೆಚ್ಚಿಕೊಳ್ಳುವುದು ಬೇಡ ಅನ್ನಿಸಿದರೆ. ಇದು ಲಿನಕ್ಸ್ ಕರ್ನಲ್ 5.6ರಿಂದ, ಅಂದರೆ 2020ರಿಂದ, ಕರ್ನಲ್ ಒಳಗೇ ಇದೆ. ಒಂದು ರಾಸ್ಪ್‌ಬೆರಿ ಪೈ (ಅಂಗೈ ಗಾತ್ರದ ಕಂಪ್ಯೂಟರ್) ಅಥವಾ ಮೂಲೆಗೆ ಬಿದ್ದ ಹಳೇ ಪಿಸಿ ಸಾಕು. ಯುಡಿಪಿ 51820 ಒಂದೇ ಪೋರ್ಟ್ ಫಾರ್ವರ್ಡ್ ಆಗಬೇಕು. 3389 ತೆರೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಸ್ಕ್ಯಾನ್ ಮಾಡುವವನಿಗೆ ಅಲ್ಲಿ ಏನೋ ಇದೆ ಅಂತಲೇ ತಿಳಿಯುವುದಿಲ್ಲ. ಐಪಿ ಪಬ್ಲಿಕ್ ಆಗಿದ್ದೂ ಆಗಾಗ ಬದಲಾಗುತ್ತಿದ್ದರೆ ಡೈನಾಮಿಕ್ ಡಿಎನ್‌ಎಸ್ ಹೆಸರು (ಐಪಿ ಬದಲಾದರೂ ಹೊಸದನ್ನೇ ತೋರಿಸುವ ಹೆಸರು) ಇಟ್ಟುಕೊಳ್ಳಿ. ಸಿಜಿನ್ಯಾಟ್ ಇದ್ದರೆ ಬೆಂಗಳೂರು ಅಥವಾ ಮುಂಬೈಯಲ್ಲಿ ಒಂದು ಚಿಕ್ಕ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸದಾ ಆನ್ ಇರುವ ಸರ್ವರ್) ಬಾಡಿಗೆಗೆ ಹಿಡಿದು, ಪೈ ಮತ್ತು ಲ್ಯಾಪ್‌ಟಾಪ್ ಎರಡೂ ಅದಕ್ಕೆ ಕರೆ ಮಾಡುವಂತೆ ಇಡಬೇಕು.

ಲೆಕ್ಕದಮನೆ

ಪರೀಕ್ಷೆ ಮಾಡಿದೆ. ವ್ಯಾನ್ ಐಪಿ ಮತ್ತು ಬ್ರೌಸರ್‌ನದು ಒಂದೇ ಇದೆ. ರೂಟರ್ ಬಂದ್ ಮಾಡಿ ಹಾಕಿದರೆ ಬದಲಾಗುತ್ತದೆ. ಹಾಗಾದರೆ ವೈರ್‌ಗಾರ್ಡ್‌ಗೇ ಹೋಗೋಣ ಅಂತ. ಕಾನ್ಫಿಗ್‌ನಲ್ಲಿ ಎಲ್ಲಿ ತಪ್ಪಾಗುತ್ತದೆ?

ರೂಟ್‌ಟೇಬಲ್

ಟನಲ್‌ಗೆ ಬೇರೆಯೇ ಒಂದು ನೆಟ್‌ವರ್ಕ್ ಕೊಡಿ: 10.66.0.0/24. ಪೈಗೆ 10.66.0.1, ಲ್ಯಾಪ್‌ಟಾಪ್‌ಗಳಿಗೆ .2 ಮತ್ತು .3. ಪೈನ ಆಫೀಸ್ ಕಡೆಯ ವಿಳಾಸ 192.168.73.5 ಅಂತ ಇಟ್ಟುಕೊಳ್ಳಿ.

ಒಬ್ಬೊಬ್ಬರಿಗೂ ಬೇರೆ ಕೀಲಿ ಜೋಡಿ ಮಾಡಿ. ಒಂದೇ ಕಾನ್ಫಿಗ್ ಫೈಲನ್ನು ಇಬ್ಬರಿಗೂ ಕೊಟ್ಟರೆ ಒಬ್ಬರು ಬಂದಾಗ ಇನ್ನೊಬ್ಬರು ಬೀಳುತ್ತಾರೆ. ಎರಡು ಮನೆಗಳ ನಡುವೆ ಸರ್ವರ್ ಓಲಾಡುತ್ತಿರುತ್ತದೆ, ಕಾರಣ ಹುಡುಕುವುದು ಬಲು ಕಷ್ಟ. ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಅದರೊಳಗಿನ ಪ್ರೈವೇಟ್ ಕೀಲಿಯೇ ಬಾಗಿಲ ಕೀಲಿ.

ಲ್ಯಾಪ್‌ಟಾಪಿನ ಕಾನ್ಫಿಗ್‌ನಲ್ಲಿ 'ಅಲೌಡ್ ಐಪಿ' ಸಾಲಿಗೆ 10.66.0.0/24 ಮತ್ತು 192.168.73.0/24 ಎರಡೇ ಇರಲಿ. ಇಂಟರ್ನೆಟ್ಟಿನ ಮಾದರಿಗಳಲ್ಲಿ ಕಾಣುವ 0.0.0.0/0 ಹಾಕಿದರೆ ಮನೆಯವರು ನೋಡುವ ಯೂಟ್ಯೂಬ್ ಕೂಡ ಆಫೀಸಿನ ಲೈನ್ ಸುತ್ತಿ ಬರುತ್ತದೆ. ಪೈ ಕಡೆಯ ಕಾನ್ಫಿಗ್‌ನಲ್ಲಿ ಅದೇ ಸಾಲು ಬೇರೆ ಅರ್ಥದ್ದು: ಅಲ್ಲಿ ಆಯಾ ಲ್ಯಾಪ್‌ಟಾಪಿನ ವಿಳಾಸ /32 ಮಾತ್ರ. 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಸೆಕೆಂಡ್ ಇಡಿ. ಮನೆಯ ರೂಟರ್‌ಗಳು ಸುಮ್ಮನಿರುವ ಯುಡಿಪಿ ಸಂಪರ್ಕವನ್ನು ಅರ್ಧ ನಿಮಿಷದಲ್ಲೇ ಮರೆತುಬಿಡುವುದುಂಟು.

ಪೈನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ರೀಬೂಟ್ ಆದ ಮೇಲೂ ಉಳಿಯುವ ಹಾಗೆ. ಬಹಳ ಜನ ಮರೆಯುವುದು ಇದನ್ನೇ. ಲಕ್ಷಣ: 10.66.0.1ಕ್ಕೆ ಪಿಂಗ್ ಬರುತ್ತದೆ, ಅದರಾಚೆ ಏನೂ ಇಲ್ಲ.

ಆಮೇಲೆ ವಾಪಸ್ ದಾರಿ. ಆಫೀಸಿನ ಪಿಸಿಗೆ 10.66.0.2ರಿಂದ ಪ್ಯಾಕೆಟ್ ಬಂದರೆ ಉತ್ತರ ಎತ್ತ ಕಳಿಸಬೇಕು ಅಂತ ಗೊತ್ತಿರುವುದಿಲ್ಲ, ರೂಟರ್‌ಗೆ ಕೊಡುತ್ತದೆ. ಪರಿಹಾರ ಮೂರು. ಪೈನಲ್ಲಿ ಮಾಸ್ಕ್ವೆರೇಡ್ ಹಾಕುವುದು ಎಲ್ಲಕ್ಕಿಂತ ಸುಲಭ. ಆದರೆ ಆಗ ಮನೆಯಿಂದ ಬಂದವರೆಲ್ಲ 192.168.73.5 ಅಂತಲೇ ಲಾಗ್‌ನಲ್ಲಿ ಕಾಣುತ್ತಾರೆ, ಯಾರು ಬಂದಿದ್ದರು ಅಂತ ತಿಳಿಯುವುದಿಲ್ಲ. ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಹಾಕಬಹುದು. ಆದರೆ ಹೋಗುವ ಪ್ಯಾಕೆಟ್ ಪೈ ಮೂಲಕ, ಉತ್ತರ ಮಾತ್ರ ರೂಟರ್ ಮೂಲಕ ಹೋಗುವುದರಿಂದ ಕೆಲವು ರೂಟರ್‌ಗಳ ಫೈರ್‌ವಾಲ್ 'ಈ ಮಾತುಕತೆ ಶುರುವಾದದ್ದೇ ನಾನು ನೋಡಿಲ್ಲ' ಅಂತ ಬಿಸಾಡುತ್ತವೆ. ಪಿಂಗ್ ಬರುತ್ತದೆ, ರಿಮೋಟ್ ಡೆಸ್ಕ್‌ಟಾಪ್ ಬರುವುದಿಲ್ಲ. ನಿಮಗೆ ಬೇಕಿರುವುದು ಎರಡೋ ಮೂರೋ ಪಿಸಿ ತಾನೆ? ಆ ಪಿಸಿಗಳಲ್ಲೇ ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತೆರೆದು 'ರೂಟ್ ಆ್ಯಡ್' ಆಜ್ಞೆಯಿಂದ 10.66.0.0ಕ್ಕೆ ದಾರಿ 192.168.73.5 ಅಂತ ಕೊಡಿ. 'ಪಿ' ಸ್ವಿಚ್ ಹಾಕಲು ಮರೆತರೆ ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತದೆ. ನನಗೆ ಇದೇ ಚೊಕ್ಕ ಅನ್ನಿಸುತ್ತದೆ.

ಕನೆಕ್ಟ್ ಆಯಿತೋ ಇಲ್ಲವೋ ತಿಳಿಯಲು 'ಲೇಟೆಸ್ಟ್ ಹ್ಯಾಂಡ್‌ಶೇಕ್' ಸಾಲು ನೋಡಿ. ಆ ಸಾಲೇ ಇಲ್ಲದೆ, ಕಳಿಸಿದ ಬೈಟ್ ಏರುತ್ತಾ ಬಂದ ಬೈಟ್ ಸೊನ್ನೆಯೇ ಇದ್ದರೆ ಕೀಲಿ ತಪ್ಪು, ಪೋರ್ಟ್ ಫಾರ್ವರ್ಡ್ ತಪ್ಪು, ಇಲ್ಲವೇ ಐಪಿ ಬದಲಾಗಿದೆ. ಹ್ಯಾಂಡ್‌ಶೇಕ್ ಆಗಿಯೂ ಏನೂ ತೆರೆಯದಿದ್ದರೆ ತೊಂದರೆ ರೂಟಿಂಗ್ ಅಥವಾ ಫೈರ್‌ವಾಲ್‌ನದು, ಕೀಲಿಯನ್ನು ಮುಟ್ಟಬೇಡಿ.

ಧಾರವಾಡನೆಟ್

ಪೈ ಬಗ್ಗೆ ಎರಡು ಮಾತು ಸೇರಸ್ತೀನ್ರಿ. ಮೆಮರಿ ಕಾರ್ಡ್ ಮ್ಯಾಲೆ ನಡಸಬ್ಯಾಡ್ರಿ, ಪದೇ ಪದೇ ಕರೆಂಟ್ ಹೋದ್ರ ಕಾರ್ಡ್ ಕೆಡ್ತದ. ಸಣ್ಣ ಎಸ್‌ಎಸ್‌ಡಿ ಹಾಕ್ರಿ, ಪೈ 4 ಇದ್ರ 3 ಆಂಪಿಯರ್ ಅಡಾಪ್ಟರ್ ಬೇಕಾ ಬೇಕು. ಫೋನ್ ಚಾರ್ಜರ್ ಹಾಕಿದ್ರ ವೋಲ್ಟೇಜ್ ಇಳದು ತಾನ ರೀಸ್ಟಾರ್ಟ್ ಆಗ್ತದ. ಫೈಬರ್ ಡಬ್ಬಿ, ರೂಟರ್, ಸ್ವಿಚ್, ಪೈ ನಾಕೂ ಯುಪಿಎಸ್ ಮ್ಯಾಲೆ ಇರ್ಲಿ. ಪಿಸಿ ಯುಪಿಎಸ್ ಮ್ಯಾಲೆ ಇಟ್ಟು ಸ್ವಿಚ್ಚನ್ನ ಗ್ವಾಡಿ ಪ್ಲಗ್ಗಿಗೆ ಹಾಕಿರ್ತಾರ, ಏನ್ ಉಪಯೋಗ ಹೇಳ್ರಿ.

ಮತ್ತ ಪೈ 4ರಾಗ ಗಡಿಯಾರದ ಬ್ಯಾಟರಿ ಇಲ್ಲ. ಪೈನ ವಿಪಿಎಸ್‌ಗೆ ಕರೆ ಮಾಡೋ ಹಂಗ ಇಟ್ಟಿದ್ರ, ಕರೆಂಟ್ ಬಂದ ಮ್ಯಾಲೆ ಟೈಮ್ ಹಿಂದಿಂದು ಇದ್ರ ವೈರ್‌ಗಾರ್ಡ್ ಹ್ಯಾಂಡ್‌ಶೇಕ್ ಒಪ್ಪಂಗಿಲ್ಲ. ಇಂಟರ್ನೆಟ್‌ನಿಂದ ಟೈಮ್ ಸಿಂಕ್ ಆಗೂ ತನಕ ಕಾಯಬೇಕು. ಕೆಟ್ಟದ ಅಂತ ಬಿಚ್ಚಾಕ ಹೋಗಬ್ಯಾಡ್ರಿ.

ಕೇಬಲ್‌ಕಡ್ಡಿ

ಇನ್ನು ವಿಂಡೋಸ್ ಕಡೆಯ ಕೆಲಸ. ಹೋಮ್ ಆವೃತ್ತಿಯ ಪಿಸಿಯಿಂದ ಬೇರೆ ಕಡೆಗೆ ಹೋಗಬಹುದು, ಹೋಮ್ ಇರುವ ಪಿಸಿಯೊಳಗೆ ಬರಲಾಗದು. ಹಾಗಾಗಿ ಮನೆಯಿಂದ ಕೆಲಸ ಮಾಡುವವರಿಗೆ ಆಫೀಸಿನ ಪ್ರೊ ಪಿಸಿಗಳನ್ನೇ ಹಂಚಿ. ಹೋಮ್‌ನವನ್ನೂ ಸೇರಿಸಬೇಕಾದರೆ ಪ್ರೊ ಕೀಲಿ ಕೊಂಡು ಹಾಕಿದರೆ ಸಾಕು, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಿಲ್ಲ.

ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್, ಆನ್. 'ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್' ಟಿಕ್ ಹಾಗೇ ಇರಲಿ. ಮನೆಯಿಂದ ಬರುವವರಿಗೆ ಅಡ್ಮಿನ್ ಅಲ್ಲದ ಒಂದೊಂದು ಲೋಕಲ್ ಖಾತೆ ಮಾಡಿ 'ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್' ಗುಂಪಿಗೆ ಸೇರಿಸಿ. ದಿನಾ ಕುಳಿತು ಕೆಲಸ ಮಾಡುವಾಗ 4 ಅಂಕಿಯ ಪಿನ್ ಹೊಡೆದು ಅಭ್ಯಾಸವಾದವರು ಮನೆಯಿಂದಲೂ ಪಿನ್ ಹೊಡೆದು 'ತಪ್ಪು' ಅನ್ನಿಸಿಕೊಳ್ಳುತ್ತಾರೆ. ಆ ಪಿನ್ ಆ ಮೆಷಿನ್ ಮುಂದೆ ಕುಳಿತವರಿಗೆ ಮಾತ್ರ, ಇಲ್ಲಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಗೆ ವಿಂಡೋಸ್ ರಿಮೋಟ್ ಪ್ರವೇಶ ಕೊಡುವುದೇ ಇಲ್ಲ.

ಒಂದು ಪ್ರೊ ಪಿಸಿಯಲ್ಲಿ ಒಮ್ಮೆಗೆ ಒಬ್ಬರೇ. ಮನೆಯಿಂದ ಒಬ್ಬರು ಬಂದರೆ ಅಲ್ಲಿ ಕುಳಿತವರ ಪರದೆ ಲಾಕ್ ಆಗುತ್ತದೆ. ಆದ್ದರಿಂದ ಇಬ್ಬರನ್ನೂ 'ಸರ್ವರ್' ಪಿಸಿಗೆ ಕಳಿಸಬೇಡಿ. ಮನೆಯಲ್ಲಿರುವವರ ಆಫೀಸ್ ಕುರ್ಚಿ ಹೇಗೂ ಖಾಲಿ, ಅವರವರ ಪಿಸಿಗೇ ಬರಲಿ. ಆ ಮಿತಿ ಮುರಿಯುವ ಪ್ಯಾಚ್‌ಗಳು ಸಿಗುತ್ತವೆ. ಲೈಸೆನ್ಸ್ ಒಪ್ಪಂದಕ್ಕೆ ವಿರುದ್ಧ ಅನ್ನುವುದು ಒಂದು, ಪ್ರತಿ ವಿಂಡೋಸ್ ಅಪ್‌ಡೇಟ್ ಬಂದಾಗಲೂ ಕೆಡುತ್ತವೆ ಅನ್ನುವುದು ಇನ್ನೊಂದು. ನಿಜವಾಗಿ ನಾಲ್ಕೈದು ಜನ ಒಂದೇ ಮೆಷಿನ್ನಿಗೆ ಬರಬೇಕಾದರೆ ವಿಂಡೋಸ್ ಸರ್ವರ್ ಮತ್ತು ತಲೆಗೊಂದು ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಲೈಸೆನ್ಸ್ ಕೊಳ್ಳಬೇಕು. ಹಾಕಿದ 120 ದಿನ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ, 121ನೇ ದಿನ ಎಲ್ಲರೂ ಹೊರಗೆ.

ಸುಲಭಸೂತ್ರ

ವಿಪಿಎನ್ ಹೇಗೂ ಇದೆಯಲ್ಲ. ಟ್ಯಾಲಿಯನ್ನು ಮನೆಯ ಲ್ಯಾಪ್‌ಟಾಪಲ್ಲೇ ಹಾಕಿಕೊಂಡು ಸರ್ವರ್‌ನ ಶೇರ್ ಫೋಲ್ಡರ್ ತೆರೆದರೆ ಆಗಲ್ವಾ?

ರೂಟ್‌ಟೇಬಲ್

ಆಗಬಾರದು. ಶೇರ್ ಫೋಲ್ಡರ್ ಮೂಲಕ ಡೇಟಾ ತೆರೆಯುವಾಗ ಸಾವಿರಾರು ಚಿಕ್ಕ ಚಿಕ್ಕ ಓದುವ ಕೋರಿಕೆಗಳು ಒಂದರ ಹಿಂದೊಂದು ಹೋಗುತ್ತವೆ. ಲೆಕ್ಕ ಹಾಕಿ: 5,000 ಕೋರಿಕೆ ಅಂದುಕೊಳ್ಳಿ. ಆಫೀಸಿನ ಕೇಬಲ್‌ನಲ್ಲಿ ತಲಾ ಅರ್ಧ ಮಿಲಿಸೆಕೆಂಡ್, ಎರಡೂವರೆ ಸೆಕೆಂಡಿಗೆ ಮುಗಿಯುತ್ತದೆ. ಮನೆಯಿಂದ ತಲಾ 40 ಮಿಲಿಸೆಕೆಂಡ್ ಆದರೆ 200 ಸೆಕೆಂಡ್, ಮೂರು ನಿಮಿಷ ಮೀರಿತು. 100 ಎಂಬಿಪಿಎಸ್ ಇದ್ದರೂ 300 ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ, ಯಾಕೆಂದರೆ ಸಮಯ ಹೋಗುವುದು ಓಡಾಟದಲ್ಲಿ, ಹೊರೆಯಲ್ಲಲ್ಲ. ಜೊತೆಗೆ ಬರೆಯುತ್ತಿರುವಾಗ ಲೈನ್ ಕಡಿದರೆ ಡೇಟಾ ಕೆಟ್ಟು ರಿಪೇರ್‌ಗೆ ಕೂರಬೇಕು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಓಡಾಡುವುದು ಪರದೆಯ ಚಿತ್ರ ಮಾತ್ರ. ಲೈನ್ ಕಡಿದರೂ ವೋಚರ್ ಅರ್ಧಕ್ಕೇ ನಿಂತು ಕಾಯುತ್ತಿರುತ್ತದೆ, ಮತ್ತೆ ಕನೆಕ್ಟ್ ಆಗಿ ಮುಂದುವರಿಸಬಹುದು.

ಟೋಕನ್‌ಡೆಸ್ಕ್

ಡಿಎಸ್‌ಸಿ (ಡಿಜಿಟಲ್ ಸಹಿ) ಬಗ್ಗೆ ಯಾರೂ ಬರೆದಿಲ್ಲ, ನಿಮ್ಮ ಆಫೀಸಿಗೆ ನಿಜವಾದ ತಲೆನೋವು ಅದೇ.

ಇ-ಪಾಸ್, ಪ್ರಾಕ್ಸ್‌ಕೀ ಥರದ ಟೋಕನ್‌ಗಳು ವಿಂಡೋಸ್ ಕಣ್ಣಿಗೆ ಸ್ಮಾರ್ಟ್‌ಕಾರ್ಡ್. ರಿಮೋಟ್ ಡೆಸ್ಕ್‌ಟಾಪ್ ಸೆಷನ್‌ನಲ್ಲಿ ಸ್ಮಾರ್ಟ್‌ಕಾರ್ಡ್ ಎಲ್ಲಿದೆ ಅಂತ ಕೇಳಿದರೆ ವಿಂಡೋಸ್ ನೋಡುವುದು ನೀವು ಕುಳಿತ ಲ್ಯಾಪ್‌ಟಾಪನ್ನು, ಆಫೀಸಿನ ಪಿಸಿಯನ್ನಲ್ಲ. ಆದ್ದರಿಂದ ಆಫೀಸಿನ ಪಿಸಿಗೆ ಸಿಕ್ಕಿಸಿಟ್ಟ ಟೋಕನ್ ಅದೇ ಪಿಸಿಯ ರಿಮೋಟ್ ಸೆಷನ್‌ನಲ್ಲಿ ಕಾಣಿಸುವುದಿಲ್ಲ. ಡ್ರೈವರ್ ಕೆಟ್ಟಿದೆ ಅಂತ ಐದು ಸಲ ಹಾಕಿ ತೆಗೆಯುತ್ತಾರೆ. ಡ್ರೈವರ್ ಸರಿಯಾಗಿಯೇ ಇರುತ್ತದೆ.

ಹೀಗೆ ಮಾಡಿ: ಟೋಕನ್ ಮನೆಯ ಲ್ಯಾಪ್‌ಟಾಪಿಗೆ ಹಾಕಿ. ರಿಮೋಟ್ ಡೆಸ್ಕ್‌ಟಾಪ್ ತೆರೆದು 'ಶೋ ಆಪ್ಷನ್ಸ್', 'ಲೋಕಲ್ ರಿಸೋರ್ಸಸ್', 'ಮೋರ್' ಒಳಗೆ 'ಸ್ಮಾರ್ಟ್ ಕಾರ್ಡ್ಸ್' ಟಿಕ್ ಮಾಡಿ. ಟೋಕನ್‌ನ ಡ್ರೈವರ್ ಎರಡೂ ಮೆಷಿನ್‌ಗಳಲ್ಲಿ ಇರಲಿ, ಒಂದೇ ಆವೃತ್ತಿ ಆದರೆ ಒಳ್ಳೆಯದು. ಜಿಎಸ್‌ಟಿ ಪೋರ್ಟಲ್‌ಗೆ ಬೇಕಾದ ಎಮ್‌ಸೈನರ್ (ಸಹಿ ಹಾಕುವ ತಂತ್ರಾಂಶ) ಮಾತ್ರ ಬ್ರೌಸರ್ ಎಲ್ಲಿ ತೆರೆದಿದೆಯೋ ಅಲ್ಲಿ, ಅಂದರೆ ಆಫೀಸಿನ ಪಿಸಿಯಲ್ಲಿ ನಡೆಯುತ್ತಿರಬೇಕು. ಟೋಕನ್‌ನ ಪಿನ್ ಪದೇ ಪದೇ ತಪ್ಪಾದರೆ ಟೋಕನ್ನೇ ಲಾಕ್ ಆಗುತ್ತದೆ, ಜೋಪಾನ.

ಇನ್ನೂ ಸರಳ ದಾರಿ: ಸಹಿ ಹಾಕುವ ಕೆಲಸಕ್ಕೆ ರಿಮೋಟೇ ಬೇಡ. ಟ್ಯಾಲಿಯಿಂದ ಫೈಲ್ ತಯಾರಿಸಿಕೊಂಡು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲೇ ಪೋರ್ಟಲ್ ತೆರೆದು ಸಹಿ ಹಾಕಿ. ಕಂಪನಿ, ಎಲ್‌ಎಲ್‌ಪಿಗಳಿಗೆ ಜಿಎಸ್‌ಟಿಯಲ್ಲಿ ಡಿಎಸ್‌ಸಿಯೇ ಆಗಬೇಕು. ಪ್ರೊಪ್ರೈಟರ್ ಕಕ್ಷಿದಾರರದು ಇವಿಸಿ ಒಟಿಪಿಯಲ್ಲಿ ಮುಗಿಯುತ್ತದೆ.

ಸುಲಭಸೂತ್ರ

ಎನಿಡೆಸ್ಕ್‌ನಲ್ಲಿ ಆಫೀಸಿನ ಟೋಕನ್ ಕಾಣಿಸುತ್ತೆ. ಈ ಒಂದರಲ್ಲಾದರೂ ನನ್ನದೇ ಸರಿ.

ಟೋಕನ್‌ಡೆಸ್ಕ್

ಸರಿ, ಒಪ್ಪಿದೆ. ಅದು ಮೆಷಿನ್ ಮುಂದಿನ ಪರದೆಯನ್ನೇ ತೋರಿಸುವುದರಿಂದ ಕಾಣುತ್ತದೆ. ಆದರೆ ಹತ್ತಾರು ಕಕ್ಷಿದಾರರ ಟೋಕನ್‌ಗಳನ್ನು ರಾತ್ರಿಯಿಡೀ ಯಾರೂ ಇಲ್ಲದ ಆಫೀಸಿನ ಪಿಸಿಗೆ ಸಿಕ್ಕಿಸಿಟ್ಟು ಬರುವುದು ಬೇಡ. ಸಹಿ ಅವರದು, ಜವಾಬ್ದಾರಿ ನಿಮ್ಮದು.

ಕಗಪಕೀಲಿ

ಕನ್ನಡ ಟೈಪಿಂಗ್: ನುಡಿ ತಂತ್ರಾಂಶ ಆಫೀಸಿನ ಪಿಸಿಯಲ್ಲಿ ಮಾತ್ರ ಆನ್ ಇರಲಿ, ಲ್ಯಾಪ್‌ಟಾಪಿನದು ಮುಚ್ಚಿ. ಎರಡೂ ಆನ್ ಇದ್ದರೆ ಒಂದು ಕೀಲಿ ಎರಡು ಸಲ ಬದಲಾಗಿ, ಓದಲಾಗದ ಅಕ್ಷರಗಳು ಬೀಳುತ್ತವೆ. ಹಳೇ ಪತ್ರಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿದ್ದರೂ ಚಿಂತೆಯಿಲ್ಲ, ಪರದೆ ಸಿದ್ಧವಾಗುವುದು ಆಫೀಸಿನಲ್ಲೇ ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಬೇಕಿಲ್ಲ. ಆದರೆ ಅದೇ ಪಠ್ಯವನ್ನು ಕಾಪಿ ಮಾಡಿ ಲ್ಯಾಪ್‌ಟಾಪಿನ ಮೇಲ್‌ಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಬರುತ್ತದೆ. ಅಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಕಾಪಿ ಮಾಡಿ.

ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಬಳಸುವವರಿಗೆ: ಲ್ಯಾಪ್‌ಟಾಪಿನಲ್ಲಿ ಆಗ ಯಾವ ಭಾಷೆ ಇತ್ತೋ ಅದನ್ನೇ ಸೆಷನ್ ಹೊತ್ತೊಯ್ಯುತ್ತದೆ. ಕನೆಕ್ಟ್ ಆಗುವ ಮುಂಚೆ ಇಂಗ್ಲಿಷ್‌ಗೆ ತಂದಿಟ್ಟರೆ ಪಾಸ್‌ವರ್ಡ್ ಹೊಡೆಯುವಾಗಲೂ ಗೊಂದಲ ಇರುವುದಿಲ್ಲ.

ಲೆಕ್ಕದಮನೆ

ಎಲ್ಲ ಹಾಕಿಸಿದೆವು. ಹ್ಯಾಂಡ್‌ಶೇಕ್ ಆಗಿದೆ, 10.66.0.1ಕ್ಕೂ 192.168.73.21ಕ್ಕೂ ಪಿಂಗ್ ಬರುತ್ತಿದೆ. ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಕನೆಕ್ಟ್ ಆಗುತ್ತಿಲ್ಲ. ಆಫೀಸಿನ ಒಳಗಿನಿಂದ ಸರಿಯಾಗಿ ಬರುತ್ತದೆ. ಫೈರ್‌ವಾಲ್‌ನಲ್ಲಿ 3389 ನಿಯಮಕ್ಕೆ ಆಫೀಸಿನ ನೆಟ್‌ವರ್ಕ್ ಮಾತ್ರ ಅಂತ ಸ್ಕೋಪ್ ಹಾಕಿದ್ದಾರೆ. ಅದರಿಂದಲಾ?

ರೂಟ್‌ಟೇಬಲ್

ಅದರಿಂದಲೇ. ಸ್ಕೋಪ್ ಹಾಕಿದ್ದು ಒಳ್ಳೆಯ ಕೆಲಸ, ಆದರೆ 192.168.73.0/24 ಮಾತ್ರ ಇದ್ದರೆ 10.66.0.2ರಿಂದ ಬಂದದ್ದು ಹೊರಗಿನವರ ಪಾಲಿಗೆ ಸೇರುತ್ತದೆ. 'ರಿಮೋಟ್ ಐಪಿ ಅಡ್ರೆಸ್' ಪಟ್ಟಿಗೆ 10.66.0.0/24 ಸೇರಿಸಿ. ಟಿಸಿಪಿ, ಯುಡಿಪಿ ಎರಡು ನಿಯಮಗಳಿವೆ, ಎರಡಕ್ಕೂ. ಯುಡಿಪಿ ಮರೆತರೂ ಕನೆಕ್ಟ್ ಆಗುತ್ತದೆ, ಆದರೆ ಲೈನ್ ಸ್ವಲ್ಪ ಹದಗೆಟ್ಟರೂ ಪರದೆ ಮುಗ್ಗರಿಸುತ್ತದೆ.

ಲೆಕ್ಕದಮನೆ

ಬಂತು. ಈಗ ಕೊನೆಯ ಪ್ರಶ್ನೆ. ರಾತ್ರಿ ಪಿಸಿ ಆಫ್ ಮಾಡಿ ಹೋಗುತ್ತಾರೆ, ಬೆಳಿಗ್ಗೆ ಮನೆಯಿಂದ ಆನ್ ಮಾಡುವುದು ಹೇಗೆ? ವೇಕ್ ಆನ್ ಲ್ಯಾನ್ ಪ್ರಯತ್ನಿಸಿದರೆ ಕೆಲಸ ಮಾಡುತ್ತಿಲ್ಲ.

ಕೇಬಲ್‌ಕಡ್ಡಿ

ಕ್ರಮವಾಗಿ ನೋಡಿ. ಬಯಾಸ್‌ನಲ್ಲಿ ವೇಕ್ ಆನ್ ಲ್ಯಾನ್ ಆನ್, 'ಇಆರ್‌ಪಿ' ಅಥವಾ 'ಡೀಪ್ ಸ್ಲೀಪ್' ಆಫ್. ಅದು ಆನ್ ಇದ್ದರೆ ಪಿಸಿ ಆಫ್ ಆದಾಗ ನೆಟ್‌ವರ್ಕ್ ಕಾರ್ಡಿಗೆ ವಿದ್ಯುತ್ತೇ ಹೋಗುವುದಿಲ್ಲ. ಪಿಸಿ ಆಫ್ ಆಗಿದ್ದಾಗ ಹಿಂದಿನ ಲ್ಯಾನ್ ಪೋರ್ಟಿನ ದೀಪ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಮುಂದಿನದೆಲ್ಲ ವ್ಯರ್ಥ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ 'ಫಾಸ್ಟ್ ಸ್ಟಾರ್ಟಪ್' ತೆಗೆಯಿರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಲ್ಯಾನ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ 'ಮ್ಯಾಜಿಕ್ ಪ್ಯಾಕೆಟ್ ಮಾತ್ರ' ಟಿಕ್ ಮಾಡಿ.

ಆ ಮ್ಯಾಜಿಕ್ ಪ್ಯಾಕೆಟ್ ಅಂದರೆ 6 ಬೈಟ್ ಮುನ್ನುಡಿ, ಹಿಂದೆ ಪಿಸಿಯ ಮ್ಯಾಕ್ ವಿಳಾಸ 16 ಸಲ, ಒಟ್ಟು 102 ಬೈಟ್. ಅದನ್ನು ಇಡೀ ನೆಟ್‌ವರ್ಕಿಗೆ ಕೂಗಿ ಹೇಳಬೇಕು. ಕೂಗು ವಿಪಿಎನ್ ದಾಟುವುದಿಲ್ಲ. ಅದಕ್ಕೇ ನಿಮ್ಮ ಲ್ಯಾಪ್‌ಟಾಪಿನಿಂದ ಕಳಿಸಿದ್ದು ಮುಟ್ಟಿಲ್ಲ. ಮೊದಲು ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಸಂಪರ್ಕ) ಮೂಲಕ ಪೈಗೆ ಹೋಗಿ ಅಲ್ಲಿಂದ ಕಳಿಸಿ. ಪೈನ ಕ್ರಾನ್ ಅನ್ನುವ ವೇಳಾಪಟ್ಟಿಯಲ್ಲಿ ಸೋಮವಾರದಿಂದ ಶನಿವಾರ ಬೆಳಿಗ್ಗೆ 8:30ಕ್ಕೆ ತಾನೇ ಕಳಿಸುವಂತೆ ಇಟ್ಟರೆ ಯಾರೂ ಏನೂ ಮಾಡಬೇಕಿಲ್ಲ. ವೈಫೈ ಪಿಸಿಗಳಿಗೆ ಇದನ್ನು ನಂಬಬೇಡಿ, ಕೇಬಲ್ ಎಳೆಯಿರಿ.

ಧಾರವಾಡನೆಟ್

ಬಯಾಸ್‌ನಾಗ ಇದ್ದಾಗ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅನ್ನೂದನ್ನ 'ಪವರ್ ಆನ್' ಮಾಡಿಬಿಡ್ರಿ. ಯುಪಿಎಸ್ ಬ್ಯಾಟರಿ ಮುಗದು ಎಲ್ಲಾ ಆರಿ, ಮತ್ತ ಕರೆಂಟ್ ಬಂದ್ರ ಪಿಸಿ ತಾನ ಎದ್ದು ಕೂಡ್ತದ. ಬಿಟ್‌ಲಾಕರ್‌ಗೆ ಬೂಟ್ ಪಿನ್ ಇಟ್ಟಿದ್ರ ಮಾತ್ರ ಅಲ್ಲೇ ನಿಂತಬಿಡ್ತದ, ಮನಿಯಿಂದ ಹೊಡಿಯಾಕ ಬರಂಗಿಲ್ಲ.

ಕೇಬಲ್‌ಕಡ್ಡಿ

ಹೌದು. ಮತ್ತೆ ಇಬ್ಬರಿಗೂ ಹೇಳಿಡಿ: ಕೆಲಸ ಮುಗಿದಾಗ ಸೈನ್ ಔಟ್, ನಡುವೆ ಬಿಡುವು ತೆಗೆದುಕೊಳ್ಳುವಾಗ ಡಿಸ್ಕನೆಕ್ಟ್. ಪರದೆಯ ಮೇಲಿನ ಗುಣಾಕಾರ ಚಿಹ್ನೆ ಒತ್ತಿದರೆ ಡಿಸ್ಕನೆಕ್ಟ್ ಮಾತ್ರ ಆಗುತ್ತದೆ, ಟ್ಯಾಲಿ ಒಳಗೆ ತೆರೆದೇ ಇರುತ್ತದೆ. ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿದರೆ ಲ್ಯಾಪ್‌ಟಾಪಿಗೇ ಹೋಗುತ್ತದೆ. ಆಫೀಸಿನ ಪಿಸಿಗೆ ಕಂಟ್ರೋಲ್ ಆಲ್ಟ್ ಎಂಡ್. ಲೋಕಲ್ ರಿಸೋರ್ಸಸ್‌ನಲ್ಲಿ 'ಡ್ರೈವ್ಸ್' ಟಿಕ್ ತೆಗೆಸಿ, ಮಕ್ಕಳ ಆಟದ ಲ್ಯಾಪ್‌ಟಾಪಿನ ಡಿಸ್ಕು ಆಫೀಸಿನೊಳಗೆ ಕಾಣುವುದು ಬೇಡ.

ಲಾಗ್‌ನಲ್ಲಿ 4624 ಲಾಗಿನ್, ಟೈಪ್ 10 ಅಂದರೆ ರಿಮೋಟ್ ಡೆಸ್ಕ್‌ಟಾಪ್. 4778 ಮತ್ತೆ ಸೇರಿದ್ದು, 4779 ಕಡಿದುಕೊಂಡದ್ದು. ಸೆಕ್ಯುರಿಟಿ ಲಾಗ್‌ನ ಗಾತ್ರ ಹೆಚ್ಚಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಅತಿಕ್ರಮ ಪ್ರವೇಶ ಗಮನಕ್ಕೆ ಬಂದರೆ 6 ಗಂಟೆಯೊಳಗೆ ತಿಳಿಸಬೇಕು.

ಲೆಕ್ಕದಮನೆ

ಫಾಸ್ಟ್ ಸ್ಟಾರ್ಟಪ್ ತೆಗೆದ ಮೇಲೆ ಒಂದು ಪಿಸಿ ಪೈನಿಂದ ಎದ್ದಿತು. ಇನ್ನೊಂದರ ಹಿಂದಿನ ದೀಪ ಉರಿಯುತ್ತಿಲ್ಲ, ಬಯಾಸ್‌ನಲ್ಲಿ ಇಆರ್‌ಪಿ ಅನ್ನುವುದೇ ಸಿಗುತ್ತಿಲ್ಲ.

ಧಾರವಾಡನೆಟ್

ಆ ಪಿಸಿಯನ್ನ ರಾತ್ರಿ ಬಂದ್ ಮಾಡಬ್ಯಾಡ್ರಿ, ಸ್ಲೀಪ್ 'ನೆವರ್' ಇಟ್ಟು ಮಾನಿಟರ್ ಅಷ್ಟ ಆರಿಸ್ರಿ.